ಕಿನ್ನಾಳದಲ್ಲಿ ಕಣ್ಣು ಪಳಗಿಸಿ, ಆಮೇಲೆ ಡ್ರ್ಯಾಗನ್ ನೋಡಿ

ಈ ಬರಹ ನಮ್ಮ ಕಡೆಯ ಆಟಗಾರರಿಗೆ. ಅಂದರೆ ಭಾನುವಾರ ಊಟ ಮುಗಿಸಿ ಇಪ್ಪತ್ತು ಮುಖದ ದಾಳ ಹಿಡಿದು ಕೂತು, ಸಂಜೆ ಚಹಾ ಬರುವ ಹೊತ್ತಿಗೂ ಒಂದು ಗುಹೆ ದಾಟದೆ ಜಗಳ ಆಡುತ್ತಿರುವವರಿಗೆ. ಗಂಗಾವತಿ, ಕೊಪ್ಪಳ, ಬಳ್ಳಾರಿ, ರಾಯಚೂರಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಕಥೆ ಕಟ್ಟುವ ಆಟ, ಆಡುವ ಮಂದಿ ಜಾಸ್ತಿ ಇಲ್ಲ, ಗೊತ್ತು. ಆದರೆ ಇರುವವರಲ್ಲಿ ಒಬ್ಬರಲ್ಲ ಒಬ್ಬರು ಕಂಪನಿ ಕೆಲಸಕ್ಕೆ ಅಂತಲೋ, ಅಕ್ಕನ ಬಾಣಂತನಕ್ಕೆ ಅವ್ವನನ್ನು ಕರೆದುಕೊಂಡೋ ಅಮೆರಿಕಕ್ಕೆ ಹೋಗಿಬರುತ್ತಲೇ ಇರುತ್ತಾರೆ. ಹೋದವರು ನಯಾಗರ ನೋಡುತ್ತಾರೆ, ಮಾಲ್ ನೋಡುತ್ತಾರೆ, ಸ್ಟೇಟಸ್ ಹಾಕುತ್ತಾರೆ. ನಾವು ಮೊಬೈಲ್ ಪಿಡಿಎಫ್‌ನಲ್ಲಿ ದಿನಾ ನೋಡುವ ಡ್ರ್ಯಾಗನ್ನಿನ ಮೂಲ ಚಿತ್ರ, ಕೈಯಲ್ಲಿ ಬಣ್ಣ ಹಚ್ಚಿ ಬರೆದದ್ದು, ಹತ್ತಿರದ ಯಾವುದೋ ಮ್ಯೂಸಿಯಂ ಗೋಡೆ ಮೇಲೆ ಇರಬಹುದು ಅನ್ನುವುದು ತಲೆಗೇ ಬರುವುದಿಲ್ಲ. ಬಂದರೂ ಅರ್ಧ ತಾಸಿನಲ್ಲಿ ಸುತ್ತು ಹಾಕಿ ಹೊರಗೆ ಬಂದು, 'ಚೆನ್ನಾಗಿತ್ತು, ದೊಡ್ಡದಾಗಿತ್ತು' ಅನ್ನುತ್ತಾರೆ.

ದೊಡ್ಡದಾಗಿತ್ತು ಅನ್ನೋದು ವಿಷಯವೇ ಅಲ್ಲ. ಆ ಚಿತ್ರಗಳನ್ನು ಬರೆದದ್ದು ಮ್ಯೂಸಿಯಂಗೆ ಅಂತ ಅಲ್ಲ, ಪ್ರೆಸ್ಸಿಗೆ. ಕಲಾವಿದ ಬರೆದ, ಕಂಪನಿ ಫೋಟೊ ಹೊಡೆಯಿತು, ಕತ್ತರಿಸಿತು, ಮೇಲೆ ಹೆಸರು ಕೂರಿಸಿತು, ಅಚ್ಚು ಹಾಕಿ ಮಾರಿತು. ನಮ್ಮ ಕೈಗೆ ಬಂದದ್ದು ಆ ಕೊನೆಯ ಸರಕು. ಗೋಡೆ ಮೇಲೆ ಇರುವುದು ಮೊದಲ ಸರಕು. ಎರಡರ ನಡುವೆ ಏನೇನಾಯಿತು ಅಂತ ಹುಡುಕುವುದಕ್ಕೇ ಹೋಗಬೇಕು. ಹಾಗೆ ಹುಡುಕಲು ಕಣ್ಣಿಗೆ ಸ್ವಲ್ಪ ರೂಢಿ ಬೇಕು, ಆ ರೂಢಿ ಮಾಡಿಕೊಳ್ಳಲು ಕೊಪ್ಪಳ ಜಿಲ್ಲೆಗಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ.

ಮೊದಲು ನಾಲ್ಕು ಹೆಸರು ತಲೆಯಲ್ಲಿಟ್ಟುಕೊಳ್ಳಿ

ಆಟ ಶುರುವಾದದ್ದು 1974ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನುವ ಸಣ್ಣ ಊರಲ್ಲಿ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಕಂಪನಿ ಹೆಸರು ಟಿಎಸ್‌ಆರ್. ಕೈಯಲ್ಲಿ ದುಡ್ಡಿರಲಿಲ್ಲ, ಹಾಗಾಗಿ ಮೊದಲ ಪುಸ್ತಕಗಳಿಗೆ ಚಿತ್ರ ಬರೆದವರು ಗೆಳೆಯರು, ಪರಿಚಯದ ಹುಡುಗರು. ಅದರಲ್ಲಿ ಕೆಲವನ್ನು ಮಾರ್ವೆಲ್ ಕಾಮಿಕ್ಸ್ ಪುಟ ನೋಡಿಕೊಂಡೇ ಬಿಡಿಸಿದ್ದರು. ಈಗ ನೋಡಿದರೆ ಶಾಲೆ ನೋಟ್‌ಬುಕ್ಕಿನ ಕೊನೆ ಪುಟದ ಚಿತ್ರ ಅನಿಸುತ್ತದೆ. ಪ್ರದರ್ಶನದಲ್ಲಿ ಇಂಥವು ಸಿಕ್ಕರೆ ಮುಂದೆ ಓಡಬೇಡಿ. ಇಡೀ ಕಥೆ ಹುಟ್ಟಿದ್ದು ಅಲ್ಲಿಂದಲೇ.

ಮುಂದಿನವರು ಡೇವಿಡ್ ಸದರ್‌ಲ್ಯಾಂಡ್ ಮತ್ತು ಡೇವಿಡ್ ಟ್ರ್ಯಾಂಪಿಯರ್. ಆಟದ ರಾಕ್ಷಸ, ಪ್ರಾಣಿಗಳ ಪುಸ್ತಕವಾದ 1977ರ ಮಾನ್‌ಸ್ಟರ್ ಮ್ಯಾನುಯಲ್‌ನ ಎಷ್ಟೋ ಪ್ರಾಣಿಗಳಿಗೆ ಮುಖ ಕೊಟ್ಟವರು ಇವರು. ಅದರಲ್ಲಿ ಒಂದು ತಮಾಷೆ ಇದೆ. ತುಕ್ಕು ಹಿಡಿಸುವ ರಸ್ಟ್ ಮಾನ್‌ಸ್ಟರ್, ಗೂಬೆ ಮುಖದ ಕರಡಿ, ನೆಲದೊಳಗಿಂದ ಏಳುವ ಬ್ಯುಲೆಟ್, ಇವೆಲ್ಲ ಹುಟ್ಟಿದ್ದು ಗೈಗ್ಯಾಕ್ಸ್ ಅಂಗಡಿಯಿಂದ ತಂದ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳಿಂದ. ಹಾಂಗ್‌ಕಾಂಗ್‌ನಲ್ಲಿ ಮಾಡಿದ, ಯಾವ ಪ್ರಾಣಿ ಅಂತ ಯಾರಿಗೂ ಹೇಳಲಾಗದ ಗೊಂಬೆಗಳು. ಗವಿಮಠದ ಜಾತ್ರೆಯಲ್ಲಿ ಕವರಿನಲ್ಲಿ ಕಟ್ಟಿ ನೇತುಹಾಕಿರುತ್ತಾರಲ್ಲ, ಅದೇ ಜಾತಿ. ಆಟಕ್ಕೆ ಬೇಕು ಅಂತ ಅವಕ್ಕೆ ಹೆಸರಿಟ್ಟರು, ಶಕ್ತಿ ಕೊಟ್ಟರು, ಕಲಾವಿದರು ಮಾಂಸ ತುಂಬಿದರು. ಇದು ಗೊತ್ತಿದ್ದು ಆ ಚಿತ್ರದ ಮುಂದೆ ನಿಂತರೆ ಆ ವಿಚಿತ್ರ ಬಾಲ, ಬೆನ್ನ ಮೇಲಿನ ಆ ಈಜುರೆಕ್ಕೆ ಎಲ್ಲಿಂದ ಬಂತು ಅಂತ ಕೇಳಬೇಕಾಗಿಲ್ಲ.

ಟ್ರ್ಯಾಂಪಿಯರ್ ಕಥೆ ಬೇರೆಯೇ. ಆಟಗಾರರ ನಿಯಮದ ಪುಸ್ತಕ, 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಅದರ ಮುಖಪುಟ ಅವರದ್ದು. ದೊಡ್ಡ ವಿಗ್ರಹ ಕೂತಿದೆ, ಅದರ ತಲೆ ಮೇಲೆ ಹತ್ತಿ ಇಬ್ಬರು ಕಣ್ಣಿನ ರತ್ನ ಕೀಳುತ್ತಿದ್ದಾರೆ. ಕೆಳಗೆ ಹೋರಾಟ ಮುಗಿದುಹೋಗಿದೆ. ಒಬ್ಬ ಕತ್ತಿ ಒರೆಸುತ್ತಿದ್ದಾನೆ, ಸತ್ತ ಹಲ್ಲಿಮನುಷ್ಯರನ್ನು ಎಳೆಯುತ್ತಿದ್ದಾರೆ, ಇನ್ನು ಕೆಲವರು ಮುಂದೆ ಎಲ್ಲಿಗೆ ಅಂತ ಮಾತಾಡುತ್ತಿದ್ದಾರೆ. ನನ್ನ ಮಟ್ಟಿಗೆ ಈ ಆಟದ ಬಗ್ಗೆ ಇಷ್ಟು ಸತ್ಯ ಹೇಳಿದ ಚಿತ್ರ ಇನ್ನೊಂದಿಲ್ಲ. ವೀರಾವೇಶ ಏನೂ ಇಲ್ಲ, ಲೂಟಿ ಇದೆ, ಸುಸ್ತಿದೆ. ಇಂಥ ಮನುಷ್ಯ 1988ರಲ್ಲಿ ಇದ್ದಕ್ಕಿದ್ದಂತೆ ಚಿತ್ರ ಬರೆಯುವುದನ್ನೇ ಬಿಟ್ಟರು. ಪತ್ರಿಕೆಯಲ್ಲಿ ಬರುತ್ತಿದ್ದ ಅವರ ಕಾಮಿಕ್ ಅರ್ಧಕ್ಕೆ ನಿಂತಿತು. ಸತ್ತೇಹೋದರು ಅಂದುಕೊಂಡವರೂ ಇದ್ದರು. ಎಷ್ಟೋ ವರ್ಷದ ಮೇಲೆ ಇಲಿನಾಯ್ ರಾಜ್ಯದ ಕಾರ್ಬಂಡೇಲ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿರುವುದು ಗೊತ್ತಾಯಿತು. ಕೊನೆಗೆ ಅಲ್ಲಿಯದೇ ಒಂದು ಗೇಮ್ ಮೇಳದಲ್ಲಿ ತಮ್ಮ ಮೂಲ ಚಿತ್ರಗಳನ್ನು ಇಡಲು ಒಪ್ಪಿದ್ದರು. ಮೇಳಕ್ಕೆ ಸ್ವಲ್ಪ ಮುಂಚೆ, 2014ರ ಮಾರ್ಚ್‌ನಲ್ಲಿ ತೀರಿಕೊಂಡರು. ಹಾಗಾಗಿ ಲೇಬಲ್ ಮೇಲೆ ಅವರ ಹೆಸರು ಕಂಡರೆ ಅಲ್ಲಿ ನಿಲ್ಲಿ, ಹಿಂದೆ ಇರುವವರು ಬೇಕಾದರೆ ಸುತ್ತಿ ಹೋಗಲಿ.

ಎಂಬತ್ತರ ದಶಕದ ಎಣ್ಣೆಬಣ್ಣದ ಡ್ರ್ಯಾಗನ್‌ಗಳು ಲ್ಯಾರಿ ಎಲ್ಮೋರ್, ಜೆಫ್ ಈಸ್ಲಿ, ಕ್ಲೈಡ್ ಕಾಲ್ಡ್‌ವೆಲ್, ಕೀತ್ ಪಾರ್ಕಿನ್ಸನ್ ಅವರದ್ದು. ಟಿಎಸ್‌ಆರ್ ಸಂಬಳಕ್ಕೆ ಇಟ್ಟುಕೊಂಡ ಕಲಾವಿದರು. ಆಟದ ಪುಸ್ತಕ, ದಾಳ ತುಂಬಿ ಮಾರಿದ 1983ರ ಕೆಂಪು ಡಬ್ಬಿಯ ಮೇಲಿನ ಕೆಂಪು ಡ್ರ್ಯಾಗನ್, ಅದರ ಎದುರು ನಮಗೆ ಬೆನ್ನು ಹಾಕಿ ನಿಂತ ಯೋಧ, ಅದು ಎಲ್ಮೋರ್ ಕೆಲಸ. ತಲೆಕೆಳಗಾದರೂ ಗುರುತು ಹಿಡಿಯುವ ಚಿತ್ರ ಅಲ್ವಾ. ಇವರೆಲ್ಲರ ಹಿಂದೆ ಫ್ರಾಂಕ್ ಫ್ರಜೆಟ್ಟಾ ಅನ್ನುವ ಹಿರಿಯ ಫ್ಯಾಂಟಸಿ ಕಲಾವಿದ ಇದ್ದರು. ಅವರ ಪ್ರಭಾವ ಇಲ್ಲದ ಕತ್ತಿ ಹಿಡಿದ ಯೋಧ ಆ ಕಾಲದಲ್ಲಿ ಸಿಗುವುದು ಕಷ್ಟ.

ಎಲ್ಲಿ ಸಿಗುತ್ತವೆ

ಇವು ಒಂದೇ ಕಡೆ ಕಾಯಂ ಆಗಿ ಇರುವುದಿಲ್ಲ. ಎಷ್ಟೋ ಮೂಲ ಚಿತ್ರಗಳು ಈಗ ಖಾಸಗಿಯವರ ಮನೆಯಲ್ಲಿವೆ. ಮ್ಯೂಸಿಯಂನವರು ಎರವಲು ತಂದು ಕೆಲವು ತಿಂಗಳು ಇಟ್ಟು ವಾಪಸ್ ಕೊಡುತ್ತಾರೆ. ಹಾಗಾಗಿ ಟಿಕೆಟ್ ಬುಕ್ ಮಾಡುವ ಮೊದಲೇ ಆಯಾ ಊರಿನ ಮ್ಯೂಸಿಯಂಗಳ ಪಟ್ಟಿಯಲ್ಲಿ ಫ್ಯಾಂಟಸಿ, ಇಲಸ್ಟ್ರೇಷನ್, ಗೇಮ್ ಅನ್ನುವ ಪದ ಹುಡುಕಿ. ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್‌ನಲ್ಲಿ ನಾರ್ಮನ್ ರಾಕ್‌ವೆಲ್ ಮ್ಯೂಸಿಯಂ ಇದೆ, ಪುಸ್ತಕ ಮತ್ತು ಪತ್ರಿಕೆಗಳಿಗೆ ಬರೆದ ಚಿತ್ರಗಳಿಗೇ ಹೆಸರಾದದ್ದು. 2021ರಲ್ಲಿ ಅವರು ಫ್ಯಾಂಟಸಿ ಚಿತ್ರಗಳದ್ದೇ ದೊಡ್ಡ ಪ್ರದರ್ಶನ ಮಾಡಿದ್ದರು, ಆಮೇಲೆ ಅದು ಬೇರೆ ಊರಿಗೂ ಹೋಯಿತು. ಪೆನ್ಸಿಲ್ವೇನಿಯಾದ ಈಸ್ಟ್ ಸ್ಟ್ರೌಡ್ಸ್‌ಬರ್ಗ್‌ನಲ್ಲಿ ಫ್ರಜೆಟ್ಟಾ ಅವರದ್ದೇ ಮ್ಯೂಸಿಯಂ ಇದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಸ್ಟ್ರಾಂಗ್ ಅನ್ನುವ ಆಟಗಳ ಮ್ಯೂಸಿಯಂ. ಅಲ್ಲಿಯ ಆಟಿಕೆಗಳ ಗೌರವ ಪಟ್ಟಿಗೆ ನಮ್ಮ ಆಟ 2016ರಲ್ಲಿ ಸೇರಿತು. ಇಂಡಿಯಾನಾಪೊಲಿಸ್‌ನಲ್ಲಿ ವರ್ಷಕ್ಕೊಮ್ಮೆ ಜೆನ್ ಕಾನ್ ಅನ್ನುವ ಆಟಗಳ ಮೇಳ ನಡೆಯುತ್ತದೆ, 1968ರಲ್ಲಿ ಲೇಕ್ ಜಿನೀವಾದಲ್ಲೇ ಶುರುವಾದದ್ದು. ಅದರ ಚಿತ್ರಶಾಲೆಯಲ್ಲಿ ಕಲಾವಿದರೇ ಮೂಲ ಚಿತ್ರ ಇಟ್ಟುಕೊಂಡು ಕೂತಿರುತ್ತಾರೆ, ಮಾತಾಡಿಸಬಹುದು. ಮ್ಯೂಸಿಯಂನಲ್ಲಿ ಈ ಅನುಕೂಲ ಇಲ್ಲ.

ವಾರದ ರಜೆ ಯಾವತ್ತು ಅಂತ ನೋಡಿಕೊಳ್ಳಿ. ನಮ್ಮ ಕಮಲಾಪುರದ ಮ್ಯೂಸಿಯಂ ಶುಕ್ರವಾರ ಬಾಗಿಲು ಹಾಕುವ ಹಾಗೆ ಅಲ್ಲಿ ಒಂದೊಂದಕ್ಕೆ ಒಂದೊಂದು ದಿನ. ಅನುಮಾನ ಇದ್ದರೆ ಒಂದು ಮೇಲ್ ಹಾಕಿ, ಇಂಥ ಕಲಾವಿದರ ಮೂಲ ಚಿತ್ರ ಇದೆಯಾ, ಇಲ್ಲ ಬರೀ ಪ್ರಿಂಟಾ ಅಂತ ನೇರವಾಗಿ ಕೇಳಿ. ಪ್ರಿಂಟ್ ನೋಡಲು ಅಷ್ಟು ದೂರ ಹೋಗುವುದು ಬೇಡ.

ಊರಲ್ಲೇ ಅಭ್ಯಾಸ

ಮೊದಲ ಅಭ್ಯಾಸಕ್ಕೆ ಮನೆಯಿಂದ ಹೊರಗೆ ಕಾಲಿಡಬೇಕಿಲ್ಲ. ಮನೆಯಲ್ಲಿರುವ ಯಾವುದಾದರೂ ಬಣ್ಣದ ಲಗ್ನಪತ್ರಿಕೆ ತೆಗೆದುಕೊಂಡು ಭೂತಗನ್ನಡಿಯಲ್ಲಿ ಗಣೇಶನ ಮುಖ ನೋಡಿ. ಇಲ್ಲವಾದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ. ಚರ್ಮದ ಬಣ್ಣ ಅನ್ನುವುದೇ ಇರುವುದಿಲ್ಲ. ಬರೀ ಚುಕ್ಕಿ ಕಾಣುತ್ತವೆ, ಹಳದಿ, ಗುಲಾಬಿ, ನೀಲಿ, ಕಪ್ಪು. ಆಫ್‌ಸೆಟ್ ಪ್ರೆಸ್ಸಿನ ಬಣ್ಣ ಅಂದರೆ ಇಷ್ಟೇ. ನಾವು ನೋಡಿದ ಎಲ್ಲ ಡ್ರ್ಯಾಗನ್‌ಗಳೂ ಈ ಚುಕ್ಕಿಗಳಿಂದಲೇ ಆದವು. ಈ ನಾಲ್ಕು ಶಾಯಿಗೆ ಎಟುಕದ ಕೆಂಪು, ಎಟುಕದ ಕಿತ್ತಳೆ, ಎಟುಕದ ಹಸಿರು ಎಷ್ಟೋ ಇವೆ. ಮೂಲ ಚಿತ್ರದಲ್ಲಿ ಅವು ಇರುತ್ತವೆ, ಪುಸ್ತಕದಲ್ಲಿ ಸತ್ತಿರುತ್ತವೆ.

ಎರಡನೆಯದು ಕಿನ್ನಾಳ, ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಊರು. ಕೊಪ್ಪಳದಿಂದ ಬಸ್ಸು, ಟಂಟಂ ಎರಡೂ ಸಿಗುತ್ತವೆ. ಚಿತ್ರಗಾರರ ಓಣಿಗೆ ಹೋಗಿ, ಗೊಂಬೆ ಕೊಳ್ಳುವ ಮನಸ್ಸಿದ್ದರೆ ಕೊಳ್ಳಿ, ಇಲ್ಲದಿದ್ದರೂ ಮರ್ಯಾದೆಯಿಂದ ಕೇಳಿದರೆ ಕೆಲಸ ನೋಡಲು ಬಿಡುತ್ತಾರೆ. ಇಲ್ಲಿ ನೀವು ಕಲಿಯಬೇಕಾದದ್ದು ಒಂದೇ: ಬಣ್ಣದ ಕೆಳಗೆ ಏನಿದೆ. ಹಗುರ ಮರ ಕೆತ್ತಿ ಜೋಡಿಸುತ್ತಾರೆ, ಸಂದಿಗೆ ಕಿಟ್ಟ ತುಂಬುತ್ತಾರೆ. ಸೆಣಬು, ಮರದ ಹೊಟ್ಟು, ಹುಣಸೆ ಬೀಜದ ಸರಿ ಸೇರಿಸಿ ಮಾಡಿದ ಹದ ಅದು. ಆಮೇಲೆ ಬಿಳಿ ಲೇಪ, ಅದು ಒಣಗಿದ ಮೇಲೆ ಬಣ್ಣ, ಕೊನೆಗೆ ಕಣ್ಣು. ಮುಗಿದ ಗೊಂಬೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ, ಹಾಗಾಗಿ ಮುಗಿಯದ್ದನ್ನೂ ಹಳೆಯದನ್ನೂ ನೋಡಬೇಕು. ನಾನು ನೋಡಿದ ಒಂದು ಹಳೆ ಗರುಡನ ರೆಕ್ಕೆಯ ತುದಿ ಉಗುರಿನಷ್ಟು ಚಕ್ಕೆ ಎದ್ದಿತ್ತು. ಒಂದೇ ಕಡೆ ಮೂರು ಪದರ. ಮೇಲೆ ಹಸಿರು, ಅದರ ಕೆಳಗೆ ಸುಣ್ಣದಂಥ ಬಿಳಿ, ಅದರ ಕೆಳಗೆ ಮರದ ಕಂದು, ಮತ್ತು ಹಸಿರು ಬಿಳಿಯ ಗಡಿಯಲ್ಲಿ ಕೆಂಪಿನ ಒಂದು ಎಳೆ. ಅಂದರೆ ಆ ರೆಕ್ಕೆ ಮೊದಲು ಕೆಂಪಿತ್ತು, ಯಾವಾಗಲೋ ಯಾರೋ ಮತ್ತೆ ಬಣ್ಣ ಬಳಿದಿದ್ದಾರೆ. ನಾನು ಕೈ ಮುಂದೆ ತಂದದ್ದು ನೋಡಿ ಒಳಗಿನಿಂದ ಅಮ್ಮ ಒಬ್ಬರು, 'ಕೈ ಹಚ್ಚಬ್ಯಾಡ್ರಿ, ಕಣ್ಣಾಗ ನೋಡ್ರಿ' ಅಂದರು. ಮ್ಯೂಸಿಯಂಗೆ ಹೋಗುವವರಿಗೆ ಇದಕ್ಕಿಂತ ಹೆಚ್ಚಿನ ಸೂಚನೆ ಬೇಕಿಲ್ಲ.

ಮೂರನೆಯದು ಹಂಪಿ. ಈಗ ವಿಜಯನಗರ ಜಿಲ್ಲೆಗೆ ಸೇರಿದೆ, ಆದರೂ ಆನೆಗೊಂದಿ ಕಡೆಯವರಿಗೆ ಅದು ಹೊಳೆಯ ಆಚೆ ದಂಡೆ ಅಷ್ಟೇ. ವಿರೂಪಾಕ್ಷನ ಗುಡಿಯ ರಂಗಮಂಟಪ, ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ್ದು. ಅದರ ಚಾವಣಿಯಲ್ಲಿ ಬಣ್ಣದ ಚಿತ್ರಗಳಿವೆ. ನೂರು ಸಲ ಹೋದವರೂ ಕತ್ತೆತ್ತಿ ನೋಡಿರುವುದಿಲ್ಲ. ಅರ್ಜುನನ ಮತ್ಸ್ಯಯಂತ್ರ, ಗಿರಿಜಾಕಲ್ಯಾಣ, ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ, ರಥ ಏರಿ ಮೂರು ಪುರ ಸುಡುವ ಶಿವ. ಕಿನ್ನಾಳದ ಚಿತ್ರಗಾರರ ಹಿರೀಕರೇ ಇವನ್ನು ಬರೆದವರು ಅಂತ ಅಲ್ಲಿ ಹೇಳುತ್ತಾರೆ. ನಮ್ಮ ಅಭ್ಯಾಸಕ್ಕೆ ಬೇಕಾದದ್ದು ಜಾಗದ ಲೆಕ್ಕ. ಯಾವ ಕಥೆಗೆ ಎಷ್ಟು ಪಟ್ಟಿ ಕೊಟ್ಟಿದ್ದಾರೆ, ಕಂಬ ಅಡ್ಡ ಬರುವಲ್ಲಿ ಏನು ಇಟ್ಟಿದ್ದಾರೆ, ಯಾರನ್ನು ದೊಡ್ಡದು ಮಾಡಿದ್ದಾರೆ. ಜಾಗ ಮೊದಲೇ ನಿಗದಿಯಾಗಿದೆ, ಚಿತ್ರ ಅದಕ್ಕೆ ಒಗ್ಗಬೇಕು. ಪುಸ್ತಕದ ಮುಖಪುಟ ಬರೆಯುವವನ ಕಷ್ಟವೂ ಅದೇ.

ಹೊತ್ತಿದ್ದರೆ ತೊಗಲು ಗೊಂಬೆ ಆಟ ಎಲ್ಲಾದರೂ ನಡೆದರೆ ನೋಡಿ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅದೇ ಕಲೆ. ಅದೇ ಗೊಂಬೆಯನ್ನು ಹಗಲಲ್ಲಿ ಕೈಯಲ್ಲಿ ಹಿಡಿದರೆ ಮಂಕು, ಹಿಂದಿನಿಂದ ದೀಪ ಬಿದ್ದರೆ ಬೆಂಕಿ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಮೊದಲು ಕೇಳುವ ಅಭ್ಯಾಸ ಇದರಿಂದ ಬರುತ್ತದೆ.

ಹೋಗುವ ದಿನ

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ದೊಡ್ಡ ಬ್ಯಾಗ್, ಕೊಡೆ, ನೀರಿನ ಬಾಟಲಿ ಹೊರಗೆ ಇಡಿಸಿಕೊಳ್ಳುತ್ತಾರೆ. ಪೆನ್ ಬದಲು ಪೆನ್ಸಿಲ್ ಒಯ್ಯಿರಿ, ಎಷ್ಟೋ ಕಡೆ ಪೆನ್ ಬಿಡುವುದಿಲ್ಲ. ಒಳಗೆ ಚಳಿ ಇರುತ್ತದೆ, ರಾಯಚೂರಿನ ಬಿಸಿಲಿಗೆ ಒಗ್ಗಿದವರು ಸ್ವೆಟರ್ ಮರೆಯಬೇಡಿ. ನೋಡಬೇಕು ಅಂದುಕೊಂಡ ಚಿತ್ರಗಳ ಅಚ್ಚಾದ ರೂಪ ಮೊಬೈಲಿನಲ್ಲಿ ಮೊದಲೇ ಇಟ್ಟುಕೊಳ್ಳಿ. ಒಳಗೆ ನೆಟ್ ಸಿಗುತ್ತದೆ ಅಂತ ನಂಬಬೇಡಿ.

ಜೊತೆಗೆ ಬರುವವರ ವಿಷಯ. ಆಟ ಗೊತ್ತಿಲ್ಲದವರನ್ನು ಕರೆದುಕೊಂಡು ಹೋದರೆ ನಿಯಮ ವಿವರಿಸಲು ಹೋಗಬೇಡಿ, ಸತ್ತುಹೋಗುತ್ತಾರೆ. ನಮ್ಮ ಅವ್ವನಿಗೆ ಮೊಬೈಲಿನಲ್ಲಿ ಟ್ರ್ಯಾಂಪಿಯರ್ ಬರೆದ ಆ ವಿಗ್ರಹದ ಚಿತ್ರ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, 'ಇದ್ಯಾವ ದೇವ್ರಪಾ? ಕಣ್ಣು ಕೀಳಾಕತ್ತಾರಲ್ಲ, ಇವ್ರಿಗೆ ಒಳ್ಳೇದಾಗ್ತದೇನು?' ಅಂದಳು. ಚಿತ್ರದ ಅರ್ಧ ಅವಳಿಗೆ ಆಗಲೇ ದಕ್ಕಿತ್ತು. ಕಥೆ ಕೇಳಿ, ಅಷ್ಟೇ ಸಾಕು.

ಇನ್ನೊಂದು ಮಾತು, ಮುಚ್ಚಿಟ್ಟು ಪ್ರಯೋಜನ ಇಲ್ಲ. ಎಂಬತ್ತರ ದಶಕದ ಚಿತ್ರಗಳಲ್ಲಿ ಗಂಡಸಿಗೆ ತಲೆಯಿಂದ ಕಾಲಿನವರೆಗೆ ಕಬ್ಬಿಣದ ಕವಚ, ಹೆಂಗಸಿಗೆ ಎರಡು ಬಿಲ್ಲೆ. ಹಿಮ ಬೀಳುವ ಬೆಟ್ಟದಲ್ಲೂ ಹಾಗೇ. ಆ ಕಾಲದ ಗಿರಾಕಿ ಹದಿಹರೆಯದ ಹುಡುಗರು ಅನ್ನುವ ಲೆಕ್ಕ ಅದು. ಬಣ್ಣದ ಕೆಲಸ ಎಷ್ಟು ಚೆನ್ನಾಗಿದ್ದರೂ ನನಗೆ ಅದು ಈಗಲೂ ಸಣ್ಣತನ ಅನಿಸುತ್ತದೆ. ಮನೆಮಂದಿ ಜೊತೆ ಹೋಗುವವರು ಗೊತ್ತಿದ್ದು ಹೋಗಿ.

ಬಣ್ಣದ ಚಿತ್ರದ ಮುಂದೆ

ಮೊದಲು ದೂರ ನಿಲ್ಲಿ. ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುವಷ್ಟು. ಈಗ ಮೊಬೈಲ್ ತೆಗೆದು ಅಚ್ಚಾದ ಮುಖಪುಟ ಪಕ್ಕದಲ್ಲಿ ಹಿಡಿದು ನೋಡಿ. ಒಂದೇ ಒಂದು ಪ್ರಶ್ನೆ: ಪುಸ್ತಕದಲ್ಲಿ ಇಲ್ಲದ್ದು ಇಲ್ಲೇನಿದೆ? ಎಷ್ಟೋ ಸಲ ಪಕ್ಕದಲ್ಲಿ ಒಂದು ಬೆರಳು, ಎರಡು ಬೆರಳು ಅಗಲದ ಚಿತ್ರ ಜಾಸ್ತಿ ಸಿಗುತ್ತದೆ. ಅಚ್ಚಿನಲ್ಲಿ ಕತ್ತರಿಸಿಹೋದದ್ದು. ಬಾಲದ ತುದಿ, ಒಂದು ಬಂಡೆ, ಕೆಲವು ಸಲ ಇನ್ನೊಂದು ಇಡೀ ಪ್ರಾಣಿ. ಮುಂದಿನ ರಟ್ಟು ಹಿಂದಿನ ರಟ್ಟು ಎರಡಕ್ಕೂ ಸೇರಿಸಿ ಬರೆದ ಅಗಲದ ಚಿತ್ರವಾದರೆ ಪುಸ್ತಕದಲ್ಲಿ ಬೆನ್ನುಪಟ್ಟಿ ಬರುವ ಜಾಗ ಎಲ್ಲಿ ಅಂತ ಹುಡುಕಿ. ಮುಖ್ಯವಾದ ಮುಖ ಅಲ್ಲಿ ಸಾಮಾನ್ಯವಾಗಿ ಬಂದಿರುವುದಿಲ್ಲ.

ಆಮೇಲೆ ಮೇಲ್ಭಾಗ ನೋಡಿ. ಅಲ್ಲಿ ಸುಮ್ನೆ ಆಕಾಶ, ಹೊಗೆ, ಕತ್ತಲೆ ಇದ್ದರೆ ಕಲಾವಿದ ಸೋಮಾರಿ ಅಂದುಕೊಳ್ಳಬೇಡಿ. ಆಟದ ಹೆಸರು ಕೂರಬೇಕಾದ ಜಾಗ ಅದು. ಪುಸ್ತಕದಲ್ಲಿ ಅಕ್ಷರ ಮುಚ್ಚಿರುವ ಆ ಪಟ್ಟಿಯನ್ನು ನೀವು ಮೊದಲ ಸಲ ಖಾಲಿಯಾಗಿ ನೋಡುತ್ತಿದ್ದೀರಿ. ಅಲ್ಲಿ ಬಣ್ಣ ಹೇಗಿದೆ ನೋಡಿ. ಕೆಲವರು ಕುಂಚವನ್ನು ನಾಲ್ಕು ಸಲ ಬೀಸಿ ಬಿಟ್ಟಿರುತ್ತಾರೆ, ಹೇಗಿದ್ದರೂ ಮುಚ್ಚಿಹೋಗುತ್ತದೆ ಅಂತ. ಕೆಲವರು ಯಾರೂ ನೋಡದ ಮೋಡಕ್ಕೂ ಅಷ್ಟೇ ಜತನ ಮಾಡಿರುತ್ತಾರೆ. ಕಲಾವಿದನ ಸ್ವಭಾವ ತಿಳಿಯಲು ಡ್ರ್ಯಾಗನ್ ಮುಖಕ್ಕಿಂತ ಈ ಜಾಗ ಒಳ್ಳೆಯದು.

ಈಗ ಹತ್ತಿರ ಬನ್ನಿ, ನೆಲದ ಮೇಲೆ ಗೆರೆ ಇದ್ದರೆ ಗೆರೆಯ ತನಕ. ಕಿನ್ನಾಳದ ಗರುಡನನ್ನು ನೆನೆಸಿಕೊಳ್ಳಿ. ಚಿತ್ರದ ಅಂಚು ಚೌಕಟ್ಟಿನೊಳಗೆ ಮುಚ್ಚಿಹೋಗದೆ ಕಾಣುತ್ತಿದ್ದರೆ ಪದರ ಸಿಗುವುದು ಅಲ್ಲೇ: ಬಟ್ಟೆಯೋ, ಮ್ಯಾಸೊನೈಟ್ ಅನ್ನುವ ಗಟ್ಟಿ ಹಲಗೆಯೋ, ಅದರ ಮೇಲಿನ ಬಿಳಿ ಲೇಪ, ಅದರ ಮೇಲೆ ಬಣ್ಣ. ಡ್ರ್ಯಾಗನ್ನಿನ ಮೈಯ ಹೊಳೆಯುವ ಹುರುಪೆ ಹತ್ತಿರದಿಂದ ಹೊಳೆಯುವುದೇ ಇಲ್ಲ. ಒಂದು ಕಂದು ಗೀರು, ಪಕ್ಕದಲ್ಲಿ ಒಂದು ಕೆಂಪು ಗೀರು, ತುದಿಗೆ ದಪ್ಪವಾಗಿ ಒಂದು ಬಿಳಿ ಚುಕ್ಕಿ. ಎರಡು ಹೆಜ್ಜೆ ಹಿಂದೆ ಹೋದರೆ ಮತ್ತೆ ಹುರುಪೆ. ಹೀಗೆ ಹಿಂದೆ ಮುಂದೆ ಆಡುತ್ತಿರಿ, ಪಕ್ಕದವರು ನಗಲಿ. ಯಾವ ಹೆಜ್ಜೆಯಲ್ಲಿ ಗೀರು ಹುರುಪೆಯಾಯಿತು ಅಂತ ಸಿಕ್ಕರೆ ಕಲಾವಿದ ಎಷ್ಟು ದೂರದ ನೋಟಕ್ಕೆ ಬರೆದ ಅಂತ ಸಿಕ್ಕ ಹಾಗೆ.

ಕೊನೆಗೆ ಪಕ್ಕಕ್ಕೆ ಹೋಗಿ, ಗೋಡೆಗೆ ಹತ್ತಿಕೊಂಡ ಹಾಗೆ ನಿಂತು ಓರೆಯಾಗಿ ನೋಡಿ. ದೀಪದ ಬೆಳಕು ಬಣ್ಣದ ಮೇಲೆ ಜಾರುತ್ತದೆ, ಉಬ್ಬುತಗ್ಗು ಎದ್ದು ಕಾಣುತ್ತವೆ. ಒಂದು ಕೈಯ ಸುತ್ತ ಬಣ್ಣ ಸುಮ್ಮಸುಮ್ಮನೆ ದಪ್ಪ ಇದ್ದರೆ ಅಲ್ಲಿ ಏನೋ ಬದಲಾಗಿದೆ. ಮೊದಲು ಕೈ ಬೇರೆ ಕಡೆ ಇತ್ತು, ಇಲ್ಲ ಕತ್ತಿ ಉದ್ದ ಇತ್ತು. ಗಾಜು ಹಾಕಿದ್ದರೆ ಈ ಆಟ ನಡೆಯುವುದಿಲ್ಲ, ಬರೀ ನಿಮ್ಮ ಮುಖ ಕಾಣುತ್ತದೆ.

ಲೇಬಲ್ ಅನ್ನು ಇಷ್ಟೆಲ್ಲ ಆದ ಮೇಲೆ ಓದಿ. ಮೊದಲೇ ಓದಿದರೆ ಅದು ಹೇಳಿದ್ದು ಮಾತ್ರ ಕಾಣುತ್ತದೆ. ಓದುವಾಗ ಮಾಧ್ಯಮ ಏನು ಅಂತ ನೋಡಿ. ಎಣ್ಣೆಬಣ್ಣವಾದರೆ ನಿಧಾನಕ್ಕೆ ಒಣಗುವುದು, ಬಣ್ಣ ಬಣ್ಣದೊಳಗೆ ಬೆರೆಸಬಹುದು. ಅಕ್ರಿಲಿಕ್ ಬೇಗ ಒಣಗುತ್ತದೆ, ಪದರ ಪದರವಾಗಿ ಕಟ್ಟಬೇಕು. ಯಾರ ಸಂಗ್ರಹದಿಂದ ಬಂದದ್ದು ಅಂತಲೂ ಇರುತ್ತದೆ. ಖಾಸಗಿ ಸಂಗ್ರಹ ಅಂತಿದ್ದರೆ ಇನ್ನೊಂದು ಸುತ್ತು ನೋಡಿಬಿಡಿ. ಅದು ವಾಪಸ್ ಮನೆಗೆ ಹೋದರೆ ನಮಗೆ ಸಿಗುವ ಹೊತ್ತಿಗೆ ಮೊಮ್ಮಕ್ಕಳಾಗಿರುತ್ತವೆ.

ಶಾಯಿ ಚಿತ್ರಗಳ ಕೋಣೆ

ಎಲ್ಲರೂ ಓಡಿ ದಾಟುವುದು ಇದನ್ನೇ, ನನಗೆ ತುಂಬ ಇಷ್ಟವಾದದ್ದೂ ಇದೇ. ಬೆಳಕು ಮಂದ ಇರುತ್ತದೆ. ಕರೆಂಟ್ ಉಳಿಸಲು ಅಲ್ಲ, ಕಾಗದ ಬೆಳಕಿಗೆ ಹಾಳಾಗುತ್ತದೆ ಅಂತ. ಕಾಗದದ ಕೆಲಸಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಸುತ್ತಮುತ್ತ ಇಡುತ್ತಾರೆ, ಎಣ್ಣೆಬಣ್ಣಕ್ಕೆ 200ರವರೆಗೆ ಹೋಗುತ್ತಾರೆ. ಒಳಗೆ ಹೋದ ತಕ್ಷಣ ಏನೂ ಕಾಣಲಿಲ್ಲ ಅಂತ ಹೊರಗೆ ಬರಬೇಡಿ. ಕಣ್ಣು ಹೊಂದಿಕೊಳ್ಳಲು ಐದಾರು ನಿಮಿಷ ಕೊಡಿ.

ಪುಸ್ತಕದಲ್ಲಿ ಎರಡು ಬೆರಳಷ್ಟಿರುವ ರಾಕ್ಷಸ ಇಲ್ಲಿ ಅಂಗೈ ಮೀರಿ ಇರಬಹುದು. ಆಗ ದೊಡ್ಡದಾಗಿ ಬರೆದು ಪ್ರೆಸ್ಸಿನ ಕ್ಯಾಮೆರಾದಲ್ಲಿ ಚಿಕ್ಕದು ಮಾಡುತ್ತಿದ್ದರು, ಗೆರೆಯ ನಡುಕ ಅದರಲ್ಲಿ ಮುಚ್ಚಿಹೋಗುತ್ತಿತ್ತು. ಮೂಲದಲ್ಲಿ ಆ ನಡುಕ ಹಾಗೇ ಇದೆ. ನಾನು ನೋಡಿದ ಒಂದು ಸಣ್ಣ ಶಾಯಿ ಚಿತ್ರದಲ್ಲಿ ಪ್ರಾಣಿಯ ಮೈ ಪುಸ್ತಕದಲ್ಲಿ ಗಟ್ಟಿ ಕಪ್ಪು, ಇಲ್ಲಿ ನೋಡಿದರೆ ಕುಂಚ ಎಲ್ಲೆಲ್ಲಿ ಒಣಗಿತ್ತೋ ಅಲ್ಲೆಲ್ಲ ಬೂದು. ಮೂತಿಯ ಹತ್ತಿರ ಬಿಳಿ ಬಣ್ಣ ಬಳಿದು ಹಲ್ಲು ತಿದ್ದಿದ್ದರು, ಆ ಬಿಳಿ ಕಾಗದದ ಬಿಳಿಗಿಂತ ಬೇರೆ, ಸ್ವಲ್ಪ ಉಬ್ಬಿಕೊಂಡಿತ್ತು, ಅದರ ಕೆಳಗೆ ಹಳೆಯ ಹಲ್ಲಿನ ನೆರಳು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಶೇಕಡಾ ಎಷ್ಟಕ್ಕೆ ಇಳಿಸಬೇಕು ಅಂತ ಬರೆದಿತ್ತು. ಮತ್ತು ಎಲ್ಲ ಕಡೆ ತಿಳಿ ನೀಲಿ ಗೆರೆ. ಇದು ಆ ಕಾಲದ ಉಪಾಯ. ಪ್ರೆಸ್ಸಿನ ಕಪ್ಪುಬಿಳುಪು ಫಿಲ್ಮಿಗೆ ತಿಳಿ ನೀಲಿಯೂ ಬಿಳಿಯೂ ಒಂದೇ, ಹಾಗಾಗಿ ಮೊದಲ ಅಂದಾಜನ್ನು ನೀಲಿ ಪೆನ್ಸಿಲ್ಲಿನಲ್ಲಿ ಗೀಚಿ, ಅದರ ಮೇಲೆ ಶಾಯಿ ಹಾಕಿ, ಅಳಿಸುವ ಗೊಡವೆ ಇಲ್ಲದೆ ಹಾಗೇ ಕಳಿಸುತ್ತಿದ್ದರು. ಅಚ್ಚಿನಲ್ಲಿ ಮಾಯ, ಗೋಡೆ ಮೇಲೆ ಪ್ರತ್ಯಕ್ಷ. ಆ ಪ್ರಾಣಿಗೆ ಮೊದಲು ನಾಲ್ಕು ಕಾಲು ಅಂದುಕೊಂಡಿದ್ದರು, ಶಾಯಿ ಹಾಕುವಾಗ ಎರಡಕ್ಕೆ ನಿಲ್ಲಿಸಿದ್ದರು. ಪಿಡಿಎಫ್ ಎಷ್ಟು ಜೂಮ್ ಮಾಡಿದರೂ ಇದು ಸಿಗುವುದಿಲ್ಲ.

ಹುಡುಕಬೇಕಾದ ಇನ್ನೂ ಕೆಲವು: ನಾಲ್ಕು ಮೂಲೆಯ ಪ್ಲಸ್ ಗುರುತು, ಒಣಗಿ ಹಳದಿಯಾದ ಅಂಟುಪಟ್ಟಿ, ಮೇಲೆ ಹೊದಿಸಿದ ಪಾರದರ್ಶಕ ಹಾಳೆ, ಕತ್ತರಿಸಿ ಅಂಟಿಸಿದ ತುಂಡು. ಚಹಾದ ಕಲೆಯೂ ಸಿಗಬಹುದು, ಯಾಕಿಲ್ಲ.

ಈಚಿನ ಚಿತ್ರಗಳಲ್ಲಿ ಎಷ್ಟೋ ಕಂಪ್ಯೂಟರಿನಲ್ಲೇ ಬರೆದವು, ಅವಕ್ಕೆ ಈ ಅರ್ಥದಲ್ಲಿ ಮೂಲ ಅನ್ನುವುದಿಲ್ಲ. ಗೋಡೆ ಮೇಲೆ ಇರುವುದೂ ಪ್ರಿಂಟೇ. ಚೆನ್ನಾಗಿಲ್ಲ ಅಂತಲ್ಲ, ಆದರೆ ಅಲ್ಲಿ ಓರೆಯಾಗಿ ನಿಂತು ನೋಡುವ ಕೆಲಸ ಇಲ್ಲ. ಹೊತ್ತು ಕಡಿಮೆ ಇದ್ದರೆ ಉಳಿಸಬೇಕಾದದ್ದು ಇಲ್ಲಿ.

ಫೋಟೊ, ಟಿಪ್ಪಣಿ, ಮತ್ತು ಹೋಗಲಾಗದವರಿಗೆ

ಫೋಟೊ ತೆಗೆಯಬಹುದಾ ಅಂತ ಬಾಗಿಲಲ್ಲೇ ಕೇಳಿ. ಎರವಲು ತಂದ ಚಿತ್ರಕ್ಕೆ ಬೇಡ ಅನ್ನುವುದು ಸಾಮಾನ್ಯ. ಬಿಟ್ಟರೂ ಫ್ಲ್ಯಾಶ್ ಬೇಡವೇ ಬೇಡ. ಇಡೀ ಚಿತ್ರದ ಫೋಟೊ ತೆಗೆದು ಪ್ರಯೋಜನ ಇಲ್ಲ, ಅದು ನೆಟ್‌ನಲ್ಲಿ ಇದಕ್ಕಿಂತ ಚೆನ್ನಾಗಿ ಸಿಗುತ್ತದೆ. ಅಂಚು, ತಿದ್ದಿದ ಜಾಗ, ಸಹಿ, ಲೇಬಲ್, ಇವನ್ನು ತೆಗೆಯಿರಿ. ಫೋಟೊ ಬಿಡದಿದ್ದರೆ ಪೆನ್ಸಿಲ್ ಇದೆಯಲ್ಲ, ಚೌಕ ಗೀಚಿ ಎಲ್ಲಿ ಏನು ಕಂಡಿತು ಅಂತ ಗುರುತು ಹಾಕಿ. ಚಿತ್ರ ಬರೆಯಲು ಬರಬೇಕು ಅಂತೇನಿಲ್ಲ.

ಸುಸ್ತಾಗುವ ಮುಂಚೆ ಹೊರಗೆ ಬನ್ನಿ. ಎಲ್ಲ ನೋಡುತ್ತೇನೆ ಅಂತ ಹೊರಟವರು ಕೊನೆಯ ಕೋಣೆಯಲ್ಲಿ ಬೆಂಚು ಹುಡುಕುತ್ತಿರುತ್ತಾರೆ. ಐದಾರು ಚಿತ್ರ ಸರಿಯಾಗಿ ನೋಡಿದರೆ ಟಿಕೆಟ್ ದುಡ್ಡು ವಸೂಲಿ.

ಅಮೆರಿಕ ನಮ್ಮ ಹಣೆಯಲ್ಲಿ ಬರೆದಿಲ್ಲ ಅನ್ನುವವರಿಗೆ ದಾರಿ ಇಲ್ಲ ಅಂತಲ್ಲ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿ. ಕಾಮಿಕ್ ಕಾನ್ ಅನ್ನುವ ಕಾಮಿಕ್ಸ್ ಮೇಳ ನಡೆದರೆ ಕಲಾವಿದರ ಸಾಲಿನಲ್ಲಿ ನಿಂತು, ಅಚ್ಚಾದದ್ದಲ್ಲ, ಕೈಯಲ್ಲಿ ಬರೆದ ಹಾಳೆ ಇದ್ದರೆ ತೋರಿಸಿ ಅಂತ ಕೇಳಿ. ತೋರಿಸುತ್ತಾರೆ, ಖುಷಿಯಿಂದಲೇ. ಇಲ್ಲವಾದರೆ ನಿಮ್ಮ ಗುಂಪಿನ ರಾಕ್ಷಸನೊಬ್ಬನನ್ನು ಕಿನ್ನಾಳದ ಚಿತ್ರಗಾರರಿಗೆ ವಿವರಿಸಿ ಗೊಂಬೆ ಮಾಡಿಸಿ. ಮುಂಗಡ ಕೊಡಿ, ಚೌಕಾಸಿ ಮಾಡಬೇಡಿ, ಗಣೇಶ ಹಬ್ಬದ ಮುಂಚಿನ ದಿನಗಳಲ್ಲಿ ಕೇಳಲು ಹೋಗಬೇಡಿ, ಅವರಿಗೆ ಪುರುಸೊತ್ತು ಇರುವುದಿಲ್ಲ. ಎಷ್ಟು ಕಾಲು, ಎಷ್ಟು ಕಣ್ಣು ಅಂತ ಹಾಳೆ ಮೇಲೆ ಬರೆದುಕೊಂಡೇ ಹೋಗಿ, ಬಿಳಿ ಲೇಪ ಒಣಗಿದ ಮೇಲೆ ಬದಲಾಯಿಸಲು ಆಗುವುದಿಲ್ಲ.